ಅತ್ತಿಗೆಯ ಹಸಿರು ಚುಕ್ಕೆ

ಅತ್ತಿಗೆ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಕರೆಂಟು, ಪೆಟ್ರೋಲು ಉಳಿಯಲಿ ಎಂದು ಕಾಲೇಜಿನವರು ಈ ವರ್ಷ ಹೊಸ ಏರ್ಪಾಡು ಮಾಡಿದ್ದರು. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಆ ಎರಡು ದಿನ ಸೊಂಟ ಮುರಿದುಕೊಂಡು ಮಲಗಿರುವ ಅಮ್ಮನ ಹತ್ತಿರ ಅತ್ತಿಗೆ ಇರುತ್ತಿದ್ದರು, ನಾನು ಹೊಲಿಗೆ ಅಂಗಡಿಗೆ ಹೋಗುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಏನನ್ನಾದರೂ ಕಲಿಯಲು ಹೊಸ್ತಿಲು ದಾಟಿದ್ದು ಅದೊಂದಕ್ಕೇ.

ತೊಂದರೆ ಇದ್ದದ್ದು ಚುಕ್ಕೆಯದು. ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕೆ. ಮೌಸ್ ಆಡುತ್ತಿದ್ದರೆ ಹಸಿರು, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹಳದಿ. ಅತ್ತಿಗೆ ಉತ್ತರಪತ್ರಿಕೆಗಳನ್ನು ನೆಲದ ಮೇಲೆ ಹರಡಿಕೊಂಡು ತಿದ್ದುವವರು. ಅಷ್ಟು ಹೊತ್ತೂ ಹಳದಿ. ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ಮಧ್ಯಾಹ್ನವೆಲ್ಲ ಎಲ್ಲಿದ್ದಿರಿ, ಹೀಗಾದರೆ ಎಲ್ಲರೂ ದಿನಾ ಕಾಲೇಜಿಗೇ ಬರಬೇಕಾಗುತ್ತದೆ ಎಂದರು.

ಅಂದಿನಿಂದ ಮೌಸ್ ಅಮ್ಮನ ಪಾಲಾಯಿತು. ಅತ್ತಿಗೆ ಮಂಚದ ಮೇಲೆ ಅಗಲದ ತಟ್ಟೆ ಮಗುಚಿ, ಅದರ ಮೇಲೆ ಮೌಸ್ ಇಟ್ಟು, ಆಗಾಗ ಅಲ್ಲಾಡಿಸುವುದನ್ನು ತೋರಿಸಿಕೊಟ್ಟರು. ಅಮ್ಮನಿಗೆ ಎಲ್ಲಿಲ್ಲದ ಹುರುಪು. ನೋಡಲು ಬಂದವರಿಗೆಲ್ಲ, "ನಾನೂ ಈಗ ಕಾಲೇಜು ಕೆಲಸದಲ್ಲಿದೀನಿ" ಅನ್ನುವಳು.

ಮೊನ್ನೆ ಮನೆಯಲ್ಲಿರಬೇಕಾದ ದಿನವೇ ಅತ್ತಿಗೆಗೆ ತುರ್ತು ಸಭೆಯ ಕರೆ ಬಂತು. ಗಡಿಬಿಡಿಯಲ್ಲಿ ಕಂಪ್ಯೂಟರ್ ಆರಿಸದೆ ಹೊರಟರು. ನಾನು ಮನೆಯಲ್ಲೇ ಉಳಿದೆ. ಅವತ್ತು ಅಂಗಡಿಯ ಮಾಸ್ಟರು ಮೊದಲ ಸಲ ಗಿರಾಕಿಯ ಬಟ್ಟೆಗೆ ನನ್ನಿಂದ ಕತ್ತರಿ ಹಾಕಿಸುವವರಿದ್ದರು. ಇನ್ನೊಬ್ಬ ಹುಡುಗಿಯೂ ಅದಕ್ಕೇ ಕಾಯುತ್ತಿದ್ದಳು. ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಕಿಟಕಿಗೆ ಹೋದೆ, ಬಂದೆ.

"ಒಂದು ಕಡೆ ಕೂತ್ಕೊಳ್ಳೇ. ನಿನ್ನ ನೋಡಿ ನನಗೆ ತಲೆ ತಿರುಗ್ತಿದೆ" ಎಂದಳು ಅಮ್ಮ. ಅವಳ ಕೈ ಮೌಸ್ ಮೇಲೇ ಇತ್ತು.

ಆಗ ನನಗೆ ಹೊಳೆಯಿತು. ಅತ್ತಿಗೆ ಅಲ್ಲಿ ಸಭೆಯಲ್ಲಿದ್ದಾರೆ, ಇಲ್ಲಿ ಅವರ ಚುಕ್ಕೆ ಹಸಿರಾಗಿದೆ. ಮೌಸ್ ಕಿತ್ತುಕೊಳ್ಳಲು ಹೋದರೆ ಅಮ್ಮ ಬಿಡಲೊಲ್ಲಳು. ಸೊಸೆ ಇಲ್ಲದ ದಿನವೇ ಚುಕ್ಕೆಯನ್ನು ಹೆಚ್ಚು ನೋಡಿಕೊಳ್ಳಬೇಕಾದ್ದು ಎಂದು ನನಗೇ ಬೈದಳು. ಅತ್ತಿಗೆಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ.

ಸಂಜೆ ಅತ್ತಿಗೆ ಚಪ್ಪಲಿ ಬಿಡುತ್ತಲೇ ನಕ್ಕರು, ನಗು ಅರ್ಧಕ್ಕೇ ನಿಂತಿತು. ಮುಖ್ಯಸ್ಥರು ಗೋಡೆಯ ಪರದೆಯ ಮೇಲೆ ಎಲ್ಲರ ಹೆಸರು ತೋರಿಸಿದ್ದರಂತೆ. ಎದುರಿಗೆ ಕೂತವರೆಲ್ಲ ಹಳದಿ, ಇವರೊಬ್ಬರೇ ಹಸಿರು. ನೀವು ಇಲ್ಲಿದ್ದೀರಿ, ಅಲ್ಲಿ ಕೆಲಸ ಮಾಡುತ್ತಿರುವವರು ಯಾರು ಎಂದು ಅವರು ಕೇಳಿದ್ದಕ್ಕೆ ಅತ್ತಿಗೆ, "ನಮ್ಮತ್ತೆ" ಎಂದುಬಿಟ್ಟರಂತೆ. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬರು ಮೌಸನ್ನು ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿನ ಕತ್ತಿಗೆ ಕಟ್ಟುತ್ತಿದ್ದರಂತೆ. ಚುಕ್ಕೆ ನಂಬಿ ಪ್ರಯೋಜನವಿಲ್ಲ, ಬೇರೆ ದಾರಿ ಹುಡುಕೋಣ, ಅಲ್ಲಿಯವರೆಗೆ ಎಲ್ಲರೂ ದಿನಾ ಬನ್ನಿ ಎಂದು ಮುಖ್ಯಸ್ಥರು ಸಭೆ ಮುಗಿಸಿದರಂತೆ.

ಊಟದ ಹೊತ್ತಿಗೆ ಅಣ್ಣ ತಟ್ಟೆಯಿಂದ ತಲೆಯೆತ್ತದೆ, ಹೇಗೂ ತಂಗಿ ಮನೆಯಲ್ಲಿರುತ್ತಾಳಲ್ಲ ಎಂದ. ಅತ್ತಿಗೆ ನನ್ನ ಮುಖ ನೋಡಿದರು. ಅಣ್ಣನದು ಸ್ವಂತ ಮೊಬೈಲ್ ರಿಪೇರಿ ಅಂಗಡಿ. ಎಷ್ಟೋ ಫೋನುಗಳನ್ನು ಮನೆಗೇ ತಂದು ಬಿಚ್ಚುತ್ತಾನೆ. ಊಟದ ಹೊತ್ತಿನಲ್ಲಿ ಇನ್ನೇನು ಬಡಿಸಲಿ ಎನ್ನುವುದು ಬಿಟ್ಟರೆ ನಾನು ಬಾಯಿ ತೆರೆಯುವವಳಲ್ಲ.

"ಅಣ್ಣ, ನಾಳೆ ನೀನು ಮನೇಲೇ ಕೂತು ರಿಪೇರಿ ಮಾಡು. ನಾನು ಹೊಲಿಗೆ ಅಂಗಡಿಗೆ ಹೋಗ್ತೀನಿ."

"ನೋಡೋಣ."

"ನೋಡೋದಲ್ಲ. ಅಮ್ಮನಿಗೆ ತಿಂಡಿ ಹೊತ್ತಿಗೆ ಮಾತ್ರೆ. ಮಗ್ಗುಲು ಹೊರಳಿಸುವಾಗ ಸೊಂಟಕ್ಕೆ ಕೈ ಹಾಕಬೇಡ, ಕಾಲ ನಡುವೆ ದಿಂಬು ಇಡು."

ಅಣ್ಣ ಅತ್ತಿಗೆಯ ಕಡೆ ನೋಡಿದ. ಅವರು ನೀರು ಕುಡಿಯುತ್ತಿದ್ದರು. ಲೋಟ ಕೆಳಗಿಡಲೇ ಇಲ್ಲ.

ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗಲೇ ಹೊರಟೆ. ಆ ಗಿರಾಕಿಯ ಬಟ್ಟೆ ಇನ್ನೊಬ್ಬ ಹುಡುಗಿಯ ಕೈ ಸೇರಿತೋ ಏನೋ. ರಸ್ತೆಯ ತಿರುವಿನಲ್ಲಿ ಫೋನ್ ಬಂತು, ಅಣ್ಣ. ಎತ್ತಲೋ ಬೇಡವೋ ಎಂದು ನಾಲ್ಕು ಹೆಜ್ಜೆ ನಡೆದೆ, ಎತ್ತಿದೆ. ಮಾತ್ರೆ ತಿಂಡಿಗೆ ಮೊದಲೋ ಆಮೇಲೋ ಎಂದು ಕೇಳಿದ.

"ಆಮೇಲೆ" ಎಂದು ಹೇಳಿ, ನಡಿಗೆ ಜೋರು ಮಾಡಿದೆ.