ಧೂಳನ್ನು ಎಣಿಸಿದ ನೌಕೆ

ಊರಾಚೆಯ ಬಯಲಿನಲ್ಲಿ ನಮ್ಮ ಬಾಹ್ಯಾಕಾಶ ಸಂಪರ್ಕ ನಿಲ್ದಾಣದ ದೊಡ್ಡ ಆಂಟೆನಾ ಆಕಾಶಕ್ಕೆ ಮುಖವೆತ್ತಿ ನಿಂತಿರುತ್ತಿತ್ತು. ದಿನಕ್ಕೆ ಒಂದಿಷ್ಟು ಹೊತ್ತು ಅದು ಹಳೆಯ ನೌಕೆಯೊಂದರ ಕಡೆಗೆ ನಿಧಾನವಾಗಿ ತಿರುಗುತ್ತಿತ್ತು. ನಾನು ಹುಟ್ಟುವ ಮುಂಚೆಯೇ ಹೊರಟಿದ್ದ ಆ ನೌಕೆ ಗ್ರಹಗಳನ್ನೆಲ್ಲ ದಾಟಿ ಹೋಗಿತ್ತು. ಅದರ ಕ್ಷೀಣ ದನಿಯನ್ನು ಗದ್ದಲದೊಳಗಿನಿಂದ ಹೆಕ್ಕಿ ತೆಗೆಯುವುದು ನನ್ನ ಕೆಲಸವಾಗಿತ್ತು.

ಆ ವರ್ಷ ನೌಕೆಯ ವಿದ್ಯುತ್ತು ತೀರ ಕುಂದಿತು. ಉಳಿದಿದ್ದ ಎರಡು ಉಪಕರಣಗಳಲ್ಲಿ ಒಂದನ್ನು ಆಫ್ ಮಾಡದೆ ಗತಿಯಿರಲಿಲ್ಲ. ಧೂಳಿನ ಕಣಗಳನ್ನು ಎಣಿಸುವ ಯಂತ್ರ ಮಂದಾಕಿನಿಯವರು ಕಟ್ಟಿದ್ದು. ಕಾಂತಕ್ಷೇತ್ರ ಅಳೆಯುವುದು ಗುರುಶಾಂತಪ್ಪನವರದು. ಇಬ್ಬರೂ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಇಬ್ಬರ ನಡುವೆ ಮಾತು ನಿಂತುಹೋಗಿ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಉಡಾವಣೆಗೆ ಮುಂಚೆ ತೂಕ ಇಳಿಸಬೇಕಾಗಿ ಬಂದಾಗ, ಧೂಳಿನ ಯಂತ್ರವನ್ನೇ ಕೈಬಿಡಬೇಕೆಂದು ಗುರುಶಾಂತಪ್ಪನವರು ಎಲ್ಲರೆದುರು ವಾದಿಸಿದ್ದರಂತೆ.

ಈಗ ಯಾವುದನ್ನು ಆಫ್ ಮಾಡಬೇಕೆಂದು ಸಲಹೆ ಕೇಳಿದಾಗ ಗುರುಶಾಂತಪ್ಪನವರು, "ಆಕೆಯೇ ತೀರ್ಮಾನಿಸಲಿ" ಎಂದಷ್ಟೇ ಹೇಳಿ ಕಳಿಸಿದರು. ಮಂದಾಕಿನಿಯವರು ತಾವೇ ಬಂದರು. ತಮ್ಮ ಯಂತ್ರಕ್ಕಾಗಿ ಪಟ್ಟು ಹಿಡಿಯುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಈಚಿನ ಅಂಕಿಗಳನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದರು.

"ನನ್ನದನ್ನು ಆಫ್ ಮಾಡಿ."

"ಮೇಡಂ, ಇನ್ನೊಮ್ಮೆ ಯೋಚನೆ ಮಾಡಿ," ಎಂದೆ.

"ಅವತ್ತು ಗುರುಶಾಂತಪ್ಪ ಹೇಳಿದ್ದು ತಪ್ಪು. ಗ್ರಹಗಳ ನಡುವೆ ನನ್ನದು ಇರಲೇಬೇಕಿತ್ತು. ಈಗ ನೌಕೆ ಇರೋ ಕಡೆ ಎಣಿಸೋಕೆ ಧೂಳು ಹೆಚ್ಚಿಲ್ಲ, ಅಲ್ಲಿ ಕೆಲಸ ಇರೋದು ಅವರದಕ್ಕೆ."

ಆಜ್ಞೆಯನ್ನು ಅವರ ಕೈಯಿಂದಲೇ ಕಳಿಸಿದೆವು. ಅದು ತಲುಪಲು ಹೆಚ್ಚುಕಡಿಮೆ ಒಂದು ದಿನ, ಉತ್ತರ ಬರಲು ಇನ್ನೊಂದು ದಿನ. ಅವರು ಅತಿಥಿಗೃಹದಲ್ಲೇ ಉಳಿದರು. ಮರುದಿನ ಬಯಲಿನಲ್ಲಿ ನಡೆಯುವಾಗ, ಇಷ್ಟೆಲ್ಲ ಮಾಡಿದ್ದರಲ್ಲಿ ಉಳಿದದ್ದೇನು ಎಂದು ಕೇಳಿದೆ.

"ಆಮೇಲೆ ಹೋದ ನೌಕೆಗಳಿಗೆ ಧೂಳಿನ ಏಟು ತಡೆಯೋಕೆ ಎಷ್ಟು ದಪ್ಪ ಹೊದಿಕೆ ಬೇಕು ಅಂತ ಗೊತ್ತಾಗಿದ್ದು ನಮ್ಮ ಎಣಿಕೆಯಿಂದ. ಅವೆಲ್ಲ ಕ್ಷೇಮವಾಗಿ ದಾಟಿಕೊಂಡು ಹೋದವಲ್ಲ, ನಂಗೆ ಅಷ್ಟು ಸಾಕು," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಸಾಕು ಅಂತೀನಿ, ಆದ್ರೂ ರಾತ್ರಿ ನಿದ್ದೆ ಬರಲಿಲ್ಲ," ಎಂದು ನಕ್ಕರು.

ಅದರ ಮಾರನೆಯ ದಿನ ಮಧ್ಯಾಹ್ನ ಉತ್ತರ ಬಂತು. ಪರದೆಯ ಮೇಲೆ ಧೂಳಿನ ಯಂತ್ರದ ಸಾಲು ಖಾಲಿಯಾಗಿತ್ತು. ಅದರ ಕೆಳಗಿನ ಸಾಲಿನಲ್ಲಿ ಕಾಂತಕ್ಷೇತ್ರದ ಗೆರೆ ಏರಿಳಿಯುತ್ತಿತ್ತು. ಮಂದಾಕಿನಿಯವರು ಕಚೇರಿಯ ಫೋನಿನಿಂದ ತಾವೇ ನಂಬರು ಒತ್ತಿದರು. ಗುರುಶಾಂತಪ್ಪನವರದು ಕಿವಿ ಮಂದವಾದವರ ಏರುದನಿ. ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ನಾನು ಮಂದಾಕಿನಿ. ನಿಮ್ಮ ಯಂತ್ರ ಚೆನ್ನಾಗಿದೆ. ನನ್ನದನ್ನ ಆಫ್ ಮಾಡಿದೆ."

 

"ಶನಿಯ ಉಂಗುರದ ಹತ್ತಿರ ನಿಮ್ಮದು ಧೂಳು ಎಣಿಸ್ತಲ್ಲ," ಎಂದಿತು ಆಚೆಯ ದನಿ, "ಅವತ್ತು ಪ್ರತಿಯೊಂದು ಅಂಕಿ ಬರೋದನ್ನೂ ನಾನು ನಿಂತುಕೊಂಡೇ ನೋಡಿದ್ದೆ, ಮಂದಾಕಿನಿ. ಕೂರಬೇಕು ಅಂತ ನೆನಪೇ ಆಗಿರಲಿಲ್ಲ. ನಿಮಗೆ ಹೇಳಬೇಕಿತ್ತು."

ಮಂದಾಕಿನಿಯವರು ಕಾಲಿನಿಂದಲೇ ಕುರ್ಚಿಯೊಂದನ್ನು ಹತ್ತಿರಕ್ಕೆಳೆದುಕೊಂಡು ಕುಳಿತರು.

"ಈಗ ಹೇಳಿ," ಎಂದರು.

ನಾನು ತಂದಿಟ್ಟ ಚಹಾದ ಮೇಲೆ ಮೆಲ್ಲಗೆ ಕೆನೆ ಕಟ್ಟಿತು. ಅವರು ಅದರತ್ತ ನೋಡಲೂ ಇಲ್ಲ.