ಎಣ್ಣೆ ಹಿಡಿಯದ ಜಾಗ

ತುಂತುರು ಶುರುವಾದರೆ ಸಾಕು, ಹಿತ್ತಲಿನ ಮರದ ಜಗಲಿಯ ಮೇಲೆ ನಾರ್ಮಾಳ ಹೆಜ್ಜೆಗಳು ಮೂಡುತ್ತಿದ್ದವು. ಮಿಕ್ಕ ಕಡೆಯೆಲ್ಲ ಹನಿಗಳು ಮಣಿಗಳಂತೆ ಉರುಳಾಡಿಕೊಂಡಿದ್ದರೆ, ಆ ಬರಿಗಾಲಿನ ಗುರುತುಗಳು ಮಾತ್ರ ನೀರು ಕುಡಿದು ಕಪ್ಪಾಗುತ್ತಿದ್ದವು. ಮೊದಲು ಹಿಮ್ಮಡಿ, ಆಮೇಲೆ ಬೆರಳು. ಅಡುಗೆಮನೆಯ ಕಿಟಕಿಯಲ್ಲಿ ನಿಂತ ಟ್ರೆವರ್‌ಗೆ ಅವು ಹಳೆಯ ಗುರುತುಗಳು ಅನ್ನಿಸುತ್ತಿರಲಿಲ್ಲ. ಹೆಂಡತಿ ಈಗಲೇ ನಡೆದು ಬರುತ್ತಿದ್ದಾಳೆ, ಕಾಲು ಮಾತ್ರ ಕಾಣುತ್ತಿದೆ ಅನ್ನಿಸುತ್ತಿತ್ತು.

ಕಾರಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ಟಾಡ್‌ಮರ್ಡನ್‌ನಂಥ ತೇವದ ಕಣಿವೆಯಲ್ಲಿ, ಎಲೆ ಉದುರುವ ಮೊದಲು ಹಲಗೆಗೆ ಎಣ್ಣೆ ಕುಡಿಸದಿದ್ದರೆ ಚಳಿಗಾಲ ಕಳೆಯುವಷ್ಟರಲ್ಲಿ ಮರ ಚಹಾದಲ್ಲಿ ಅದ್ದಿದ ಬಿಸ್ಕತ್ತಾಗುತ್ತದೆ. ಅದು ನಾರ್ಮಾಳ ಕೆಲಸ. ತುದಿಯ ಬೇಲಿಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ ಬಂದು, ಕೊನೆಯ ಹಲಗೆಗೆ ಬ್ರಷ್ ಆಡಿಸಿ ಅಡುಗೆಮನೆಯೊಳಗೆ ಕಾಲಿಡುತ್ತಿದ್ದಳು. ಪ್ರತಿ ವರ್ಷವೂ ಹಾಗೇ. ಹೋದ ವರ್ಷ ಮಾತ್ರ ಬಾಗಿಲಿಂದ ಶುರು ಮಾಡಿ ಬೇಲಿಯ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಳು. ಬೆನ್ನಿಗೆ ಬೇಲಿ, ಮುಂದೆ ಹಸಿ ಎಣ್ಣೆ. ಟ್ರೆವರ್ ಕಿಟಕಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಬೂಟು, ಕಾಲುಚೀಲ ಕಳಚಿ, ಎಣ್ಣೆಯ ಮೇಲೆಯೇ ನಡೆದು ಬಾಗಿಲ ತನಕ ಬಂದಳು. ಹೊಸಿಲ ಹೊರಗೆ ನಿಂತು ಕೇಳಿದಳು:

"ಇದು ಯಾರ ಮನೆ, ನಿಮಗೇನಾದ್ರೂ ಗೊತ್ತಾ?"

ಅದೇ ನಗುವಿನಲ್ಲಿ ಅವನು ಹೇಳಿದ್ದ, "ನಿಮ್ಮದಂತೂ ಅಲ್ಲಮ್ಮ. ತಪ್ಪು ಮನೆಗೆ ಬಂದಿದೀರ."

"ಓ, ಸಾರಿ," ಎಂದಳು. ತಿರುಗಿದಳು. ಹಸಿ ಎಣ್ಣೆಯ ಮೇಲೆಯೇ ವಾಪಸು ಹೋಗಿ, ಬೇಲಿಗೆ ಮುಖ ಮಾಡಿ ನಿಂತುಬಿಟ್ಟಳು. ಅದು ತಮಾಷೆಯಲ್ಲವೆಂದು ಅವನಿಗೆ ಹೊಳೆಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ತಲೆಯೊಳಗೆ ಗಡ್ಡೆ ಅಂದರು ಡಾಕ್ಟರು. ಚಳಿಗಾಲ ಮುಗಿಯುವ ಮೊದಲೇ ಅವಳು ಮುಗಿದಳು.

ಪಾದಕ್ಕೆ ಎಣ್ಣೆ ಮೆತ್ತಿಕೊಂಡು ಹೋದ ಕಡೆ ಮರ ಬರಿದಾಗಿತ್ತು. ಇಷ್ಟೇ ಸಂಗತಿ. ಆದರೆ ಈಗ ಹನಿ ಬಿದ್ದಾಗಲೆಲ್ಲ ಅವಳು ಬಾಗಿಲ ತನಕ ಬರುತ್ತಿದ್ದಳು, ತಿರುಗಿ ಹೋಗುತ್ತಿದ್ದಳು. ಟ್ರೆವರ್ ಬಾಗಿಲು ತೆರೆದು, "ನಮ್ಮದೇ ಮನೆ ಕಣೇ, ಬಾ ಒಳಗೆ," ಎಂದು ನೋಡಿದ್ದ. ಒಂದೆರಡು ಸಲವಲ್ಲ. ಅವನ ಮಾತು ಮುಗಿಯುವ ಮೊದಲೇ ಬೇಲಿಯ ಕಡೆ ಹೊರಟ ಹಿಮ್ಮಡಿಗಳು ಕಪ್ಪಾಗಲು ಶುರುವಾಗುತ್ತಿದ್ದವು.

ಸೆಪ್ಟೆಂಬರ್ ಕೊನೆಗೆ ನಾರ್ಮಾಳ ತಂಗಿ ಡೋರೀನ್ ಎಣ್ಣೆಯ ಡಬ್ಬ ಹಿಡಿದುಕೊಂಡು ಬಂದಳು. ಬಂದವಳೇ ಜಗಲಿಯನ್ನು ಹಿಮ್ಮಡಿಯಿಂದ ಒತ್ತಿ ನೋಡಿದಳು.

"ಮೆತ್ತಗಾಗಿದೆ ನೋಡು. ಚಪ್ಪಡಿ ಮೇಲೆಲ್ಲ ಪಾಚಿ. ಬೇಲಿ ನೋಡಿದ್ರೆ ನಿನ್ ಹಾಗೇ ವಾಲ್ಕೊಂಡಿದೆ."

"ಇರ್ಲಿ ಬಿಡು."

"ಏನ್ ಇರ್ಲಿ ಬಿಡು? ನಾನ್ ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ನೀನ್ ನೋಡ್ಕೋತೀಯಾ? ಒಂದ್ ಮೊಟ್ಟೆ ಬೇಯ್ಸೋಕ್ ಬರಲ್ಲ ನಿಂಗೆ."

ಅವಳನ್ನು ತಡೆಯುವುದು ಯಾರಿಂದಲೂ ಆಗದ ಮಾತು. ಎಲೆ ಗುಡಿಸಿದಳು, ಅಂಗಳದ ಚಪ್ಪಡಿಗಳ ಪಾಚಿ ಕೆರೆದಳು, ಜಗಲಿಯನ್ನು ಸೋಪುನೀರಿನಲ್ಲಿ ಉಜ್ಜಿ ಬಕೆಟ್ಟುಗಟ್ಟಲೆ ನೀರು ಸುರಿದಳು. ನೀರು ಹರಿದುಹೋದ ಮೇಲೆ ಹೆಜ್ಜೆಗಳು ಎದ್ದವು. ಡೋರೀನ್‌ಳ ಕೈಯಲ್ಲಿ ಬಕೆಟ್ಟು ಹಾಗೇ ನಿಂತಿತು. ಅಕ್ಕನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಅನ್ನುವುದು ಅವಳಿಗೂ ಗೊತ್ತು.

"ಇದನ್ನ ಇಟ್ಕೊಂಡು ಕೂತಿದೀಯಾ ನೀನು," ಎಂದಳು ಮೆಲ್ಲಗೆ. ಬಕೆಟ್ಟು ಕೆಳಗಿಟ್ಟು, "ಇಟ್ಕೊಂಡ್ರೆ ಜಗಲಿ ಉಳಿಯಲ್ಲ ಟ್ರೆವರ್. ಅವಳೇ ಇದ್ದಿದ್ರೆ ನಿನ್ನ ಬಯ್ತಿದ್ಳು."

ಟ್ರೆವರ್ ಒಳಗೆ ಹೋದ. ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಬುಟ್ಟಿ ತಂದು, ಮಂಡಿಯೂರಿ, ಬೆರಳುಗಳು ಬಾಗಿಲ ಕಡೆ ತಿರುಗಿದ್ದ ಒಂದೊಂದು ಹೆಜ್ಜೆಯ ಮೇಲೂ ಒಂದೊಂದು ಕ್ಲಿಪ್ಪಿಟ್ಟ. ಬೇಲಿ ಕಡೆ ತಿರುಗಿದ್ದವನ್ನು ಮುಟ್ಟಲಿಲ್ಲ.

"ಹಲಗೆ ಹಾರ್ಹೋಗ್ದೇ ಇರ್ಲಿ ಅಂತಲಾ?" ಎಂದಳು ಡೋರೀನ್.

"ಕ್ಲಿಪ್ ಇರೋ ಕಡೆ ಎಣ್ಣೆ ಹಚ್ಬೇಡ."

"ಅಲ್ಲೇ ತಾನೇ ಕೊಳೀತಿರೋದು?"

"ಕೊಳೀಲಿ. ಮಿಕ್ಕಿದ್ದೆಲ್ಲ ಹಚ್ಚೋಣ."

ಅವಳು ಅವನ ಮುಖ ನೋಡಿದಳು. ಆಮೇಲೆ ಚಹಾಕ್ಕೆ ಕೆಟಲ್ ಹಚ್ಚಲು ಒಳಗೆ ಹೋದಳು.

ಮರ ಒಣಗಿದ ಮೇಲೆ ಎಣ್ಣೆಯ ಕೆಲಸ. ಡೋರೀನ್ ದೊಡ್ಡ ಬ್ರಷ್ಷಿನಲ್ಲಿ ಸರಸರ ಹಚ್ಚುತ್ತಾ ಹೋದರೆ, ಟ್ರೆವರ್ ಚಿಕ್ಕ ಬ್ರಷ್ಷು ಹಿಡಿದು ಕ್ಲಿಪ್ಪುಗಳ ಸುತ್ತ ತೆವಳುತ್ತಿದ್ದ. ಹೊಸಿಲ ಹತ್ತಿರ ಬಂದದ್ದೂ ತಿರುಗಿದ್ದೂ ಒಂದರ ಮೇಲೊಂದು ಬಿದ್ದಿದ್ದವು. ಅಲ್ಲಿ ತಿರುಗಿದ ಹಿಮ್ಮಡಿಯನ್ನಷ್ಟೇ ಹುಡುಕಿ ಮುಚ್ಚಬೇಕಿತ್ತು.

"ಕೇಕ್ ಮೇಲೆ ಹೆಸರು ಬರೀತಿದೀಯೇನೋ ಮಾರಾಯ," ಎಂದಳು ಡೋರೀನ್. ಅವನು ನಗಲಿಲ್ಲ.

ಬೇಲಿಯ ಬುಡದಲ್ಲಿ ನಾರ್ಮಾ ನಿಂತಿದ್ದ ಜಾಗಕ್ಕೆ ಕೊನೆಗೆ ಬ್ರಷ್ ಒಯ್ದ. ಆ ಮೂಲೆಯಲ್ಲಿ ಅವಳು ಎಷ್ಟು ಹೊತ್ತು ನಿಂತಿದ್ದಳೋ, ಮರ ಅಷ್ಟೇ ಒಣಗಿ ಬಿರುಕುಬಿಟ್ಟಿತ್ತು. ಎಣ್ಣೆಯನ್ನು ಗಟಗಟ ಕುಡಿಯಿತು. ಅವನು ಮತ್ತೆ ಹಚ್ಚಿದ. ಮತ್ತೂ ಕುಡಿಯಿತು. ಸಾಕು ಅನ್ನುವ ತನಕ ಹಚ್ಚಿದ.

ಡೋರೀನ್ ಬೇಲಿಗೂ ಕಂದು ಬಣ್ಣ ಬಳಿದು ಊರಿಗೆ ಹೋದಳು. ವಾರ ಕಳೆಯುವ ಮೊದಲು, ಒಂದು ಮಧ್ಯಾಹ್ನ, ಗುಡ್ಡದ ಕಡೆಯಿಂದ ಮೋಡ ಇಳಿದು ತುಂತುರು ಶುರುವಾಯಿತು. ಟ್ರೆವರ್ ಬಾಗಿಲು ತೆರೆದು ನಿಂತ.

ಹಲಗೆಗಳ ಮೇಲೆ ಹನಿಗಳು ಉರುಳಾಡಿದವು. ಆಮೇಲೆ ಬೇಲಿಯ ಈಚೆಗೆ ಒಂದು ಹಿಮ್ಮಡಿ ಕಪ್ಪಾಯಿತು. ಒಂದು ಪಾದ. ಇನ್ನೊಂದು. ಅವಸರವಿಲ್ಲದೆ ಜಗಲಿ ದಾಟಿ, ಹೊಸಿಲ ಹೊರಗೆ, ಅವನ ಚಪ್ಪಲಿಯ ತುದಿಗೆ ಬೆರಳು ತಗಲುವಷ್ಟು ಹತ್ತಿರ ಬಂದು ನಿಂತವು.

ಅವನು ತಿರುಗುವ ಹೆಜ್ಜೆಗೆ ಕಾದ. ಬೇಲಿಯ ಬುಡ ಬೋಳಾಗಿ ಹೊಳೆಯುತ್ತಿತ್ತು. ಎಲ್ಲಿಯೂ ಏನೂ ಮೂಡಲಿಲ್ಲ.

ಆಗ, ದಾರಿಗೆ ಅಡ್ಡ ನಿಂತಿರುವವನು ತಾನೇ ಎಂದು ಅವನಿಗೆ ಗೊತ್ತಾಯಿತು. ಗೋಡೆಗೆ ಒತ್ತಿಕೊಂಡು, ಒಬ್ಬರು ಹಾದುಹೋಗುವಷ್ಟು ಸರಿದ.

"ಕಾಲು ಒರೆಸ್ಬೇಡ," ಎಂದ. "ಹಾಗೇ ಬಾ."

ತಣ್ಣನೆಯ ಗಾಳಿ ಒಳಕ್ಕೆ ಬಂತು. ಮಳೆ ಜೋರಾಗಿ ಜಗಲಿಯಿಡೀ ಒಂದೇ ಬಣ್ಣವಾಗಿ ಹೆಜ್ಜೆಗಳು ಅಳಿಸಿಹೋದವು. ಅವನು ಬಾಗಿಲು ಮುಚ್ಚಿದ. ಇನ್ನು ಅಡುಗೆಮನೆಯ ಕಡೆ ತಿರುಗಿ ನೋಡಬೇಕಿತ್ತು. ಚಿಲಕದ ಮೇಲಿನ ಕೈ ತೆಗೆಯದೆ, ಬಾಗಿಲಿಗೆ ಮುಖ ಮಾಡಿ, ಹಾಗೇ ನಿಂತ.