ಶಾಲೆಯ ಮುಂದಿನ ಗೇಟು

ಬೀಗ ತಣ್ಣಗಿದೆ, ಕೈಗೆಲ್ಲ ತುಕ್ಕಿನ ವಾಸನೆ, ಗೇಟಿನಾಚೆ ಮಕ್ಕಳ ಗಲಾಟೆ, ಆಯಮ್ಮಾ ತೆಗೀರಿ, ಬೆಲ್ ಆಗುತ್ತೆ — ತಾಳ್ರೋ, ಶಾಲೆ ಏನು ಓಡಿ ಹೋಗುತ್ತಾ, ಎನ್ನುತ್ತಾಳೆ ಆಯಮ್ಮ, ಕೀ ಮಾತ್ರ ಇನ್ನೂ ಸೊಂಟದಲ್ಲೇ ಇದೆ, ಪಕ್ಕದಲ್ಲಿ ಹೆಡ್‌ಮಾಸ್ಟರು ನಿನ್ನೆ ಹೇಳಿದ್ದನ್ನೇ ಹೇಳುತ್ತಿದ್ದಾರೆ, ಇವತ್ತಿಂದ ಹಿಂದಿನ ಗೇಟು ಆಯಮ್ಮ, ಎದುರಿನ ಹೋಟೆಲಿನವರಿಗೆ ಬಾರ್ ಲೈಸೆನ್ಸ್ ಬೇಕು, ಬಾರು ಶಾಲೆಯಿಂದ ಇಷ್ಟು ದೂರ ಇರಬೇಕು ಅಂತ ರೂಲಿದೆ, ಅದನ್ನ ಮಕ್ಕಳು ಓಡಾಡೋ ಗೇಟಿಂದ ಅಳೀತಾರೆ, ಹಿಂದಿನದಾದರೆ ದೂರ ಸಾಕಾಗುತ್ತೆ — ಅಂದರೆ ಶಾಲೆ ಇದ್ದಲ್ಲೇ, ಹೋಟೆಲೂ ಇದ್ದಲ್ಲೇ, ನಡುವಿನ ದೂರ ಮಾತ್ರ ರಾತ್ರೋರಾತ್ರಿ ಬೆಳೆಯಿತು, ಹುಡುಗರು ಇಂಥ ಲೆಕ್ಕ ಮಾಡಿದ್ದರೆ ಇವರೇ ಕಿವಿ ಹಿಂಡುತ್ತಿದ್ದರು. ಪ್ರವಾಸಿಗರು ಬರ್ತಾರೆ, ಊರು ಉದ್ಧಾರವಾಗುತ್ತೆ, ನಮಗೂ ಹೊಸ ಛಾವಣಿ ಹಾಕಿಸಿ ಕೊಡ್ತಾರಂತೆ — ಪಾಪ, ಹೆಡ್‌ಮಾಸ್ಟರು ಕೆಟ್ಟವರಲ್ಲ, ಅವಳಿಗೆ ಜ್ವರ ಬಂದಾಗ ತಾವೇ ಬೆಲ್ ಹೊಡೆದವರು, ತರಗತಿ ಸೋರುವುದೂ ಸುಳ್ಳಲ್ಲ, ಆದರೂ. ಅವಳ ಗಂಡನೂ ಕುಡಿಯುತ್ತಿದ್ದ, ಹೊಟ್ಟೆ ತುಂಬ ಕುಡಿಯುತ್ತಿದ್ದ, ಅವನನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ ಗಾಡಿಯವನು ಮಗಳಿಗೆ ಹೇಳುತ್ತಿದ್ದ, ಅಪ್ಪಂಗೆ ಬಿಸಿಲು ಬಡಿದಿದೆ ಪುಟ್ಟಿ — ಮಳೆಗಾಲದಲ್ಲೂ ಬಿಸಿಲೇ ಬಡಿಯುತ್ತಿತ್ತು, ಪುಣ್ಯಾತ್ಮ — ಆದರೆ ಆ ಗಂಡ, ಕಾಲ ಮೇಲೆ ನಿಲ್ಲಲಾಗದ ಗಂಡ, ಶಾಲೆ ಬಿಡುವ ಹೊತ್ತಿಗೆ ಈ ಬೀದಿಗೆ ಬರುತ್ತಿರಲಿಲ್ಲ, ಕೆರೆ ಸುತ್ತಿ ಮನೆಗೆ ಬರುತ್ತಿದ್ದ, ಮಕ್ಕಳು ನೋಡ್ತಾವೆ ಕಣೇ ಅನ್ನುತ್ತಿದ್ದ, ಅವನೊಬ್ಬನೇ ಅಲ್ಲ, ಊರಿನ ಕುಡುಕರೆಲ್ಲ ಹಾಗೇ, ಯಾರೂ ಹೇಳಿಕೊಟ್ಟಿದ್ದಲ್ಲ, ಯಾವ ಕಾನೂನೂ ಇರಲಿಲ್ಲ, ಈಗ ಕುಡಿಯುವವರು ನೆಟ್ಟಗೆ ಬರಬೇಕಂತೆ, ಮಕ್ಕಳು ಸುತ್ತು ಹಾಕಬೇಕಂತೆ, ಅದೂ ಲಾರಿ ಓಡಾಡುವ ಹಿಂದಿನ ರಸ್ತೆಯಲ್ಲಿ, ಒಂದನೇ ಕ್ಲಾಸಿನವು, ಚಪ್ಪಲಿ ಎಡಬಲ ಗೊತ್ತಿಲ್ಲದವು. ಹೋಟೆಲಿನ ಬಾಗಿಲಿಂದ ಅಳತೆಯವನು ಹಳದಿ ಟೇಪು ಎಳೆಯುತ್ತ ಬಗ್ಗಿ ಬಗ್ಗಿ ಗೇಟಿನ ಬುಡಕ್ಕೆ ಬಂದ, ಹಿಂದುಗಡೆಗೆ ತಾನೇ ಸಾರ್, ಇದು ಮುಚ್ಚಿಯೇ ಇರಲಿ, ತೆರೆದಿದ್ದರೆ ಇದನ್ನೇ ಬರೀಬೇಕಾಗುತ್ತೆ — ಹಾಗೋ ವಿಷಯ, ತೆರೆದಿದ್ದರೆ ಇದನ್ನೇ ಬರೀತಾನೆ — ಕೀ ಕೊಡಿ ಆಯಮ್ಮ, ಹಠ ಬೇಡ, ಕೆಲಸಕ್ಕೆ ಕುತ್ತು ಬರುತ್ತೆ, ಬರಲಿ ಸಾರ್, ತಪ್ಪು ನಿಮ್ಮ ಮೇಲೆ ಬೇಡ, ನಾನೇ ತೆಗೀತೀನಿ, ಸೊಂಟದಿಂದ ಕೀ ಎಳೆದಳು, ಕೀ ತಿರುಗಿತು, ಗೇಟು ಕಿರ್ರೆಂದಿತು, ಮಕ್ಕಳು ಹುಯ್ಯೆಂದು ನುಗ್ಗಿದವು, ಏಯ್ ಟೇಪು, ಟೇಪು ತುಳೀಬೇಡ್ರೋ, ಯಾರು ಕೇಳುತ್ತಾರೆ, ಎಲ್ಲರಿಗಿಂತ ಹಿಂದೆ ಬಂದ ಒಂದು ಪುಟ್ಟಿ ಗೇಟಿನ ನಡುವೆ ನಿಂತು ಆಯಮ್ಮನನ್ನೇ ನೋಡುತ್ತಿದೆ, ಅಳತೆಯವನು ಟೇಪು ಎಳೆಯುತ್ತಾನೆ, ಬರುತ್ತಿಲ್ಲ, ಕಾಲು ತೆಗಿಯಮ್ಮ, ಎಳೆಯುತ್ತಾನೆ, ಬರುತ್ತಿಲ್ಲ, ಹಳದಿ ಟೇಪು, ಅದರ ಮೇಲೆ ಪುಟ್ಟ ಕಾಲು, ಕಾಲು —